ತಪ್ಪಾದ ಲೆಕ್ಕದಲ್ಲಿ ಕೆಟ್ಟ ಸಾಲನ್ನು ಹಿಡಿಯುವ ಬಗೆ: ಬೀಜಗಣಿತ ಮತ್ತು ರೇಖಾಗಣಿತದ ಹೋಂವರ್ಕ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

ಹೋಂವರ್ಕ್‌ನ ಲೆಕ್ಕವೊಂದರ ಉತ್ತರ ಪುಸ್ತಕದ ಹಿಂಬದಿಯಲ್ಲಿರುವ ಉತ್ತರಕ್ಕೆ ಹೊಂದದಿದ್ದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಬಿಡಿಸುವುದು. ಹಾಗೆ ಅಳಿಸಿದಾಗ ತಪ್ಪು ಎಲ್ಲಿತ್ತೆಂಬ ಸುಳಿವೂ ಅಳಿಸಿಹೋಗುತ್ತದೆ. ಅದೇ ಕೈ ಅದೇ ಅಭ್ಯಾಸದಿಂದ ಅದೇ ತಪ್ಪನ್ನು ಎರಡನೆಯ ಸಲವೂ ಬರೆಯುತ್ತದೆ. ತಪ್ಪಾದ ಲೆಕ್ಕದಲ್ಲಿ ಬಹುಪಾಲು ಸಾಲುಗಳು ಸರಿಯಾಗಿಯೇ ಇರುತ್ತವೆ, ಎಲ್ಲೋ ಒಂದು ಸಾಲಿನಿಂದ ಮುಂದಿನ ಸಾಲಿಗೆ ಇಳಿಯುವಾಗ ಮಾತ್ರ ಎಳೆ ಕಡಿದಿರುತ್ತದೆ. ಆ ಜಾಗವನ್ನು ಊಹಿಸುತ್ತ ಕೂರಬೇಕಾಗಿಲ್ಲ, ಪರೀಕ್ಷೆ ಮಾಡಿಯೇ ಹಿಡಿಯಬಹುದು. ಅದು ಹೇಗೆಂಬುದೇ ಈ ಕೈಪಿಡಿಯ ವಿಷಯ.

ಇದಕ್ಕೆ ಬೇಕಾದ ಸಿದ್ಧತೆ ಇಷ್ಟೇ: ಒಂದು ಸಾಲಿನಲ್ಲಿ ಒಂದೇ ಹಂತ ಬರೆಯಬೇಕು, ಸಾಲುಗಳಿಗೆ ಅಂಚಿನಲ್ಲಿ ಸಂಖ್ಯೆ ಹಾಕಬೇಕು, ರಬ್ಬರನ್ನು ದೂರವಿಡಬೇಕು. ತಪ್ಪಿದ ಸಾಲಿನ ಮೇಲೆ ಒಂದು ಗೆರೆ ಎಳೆದರೆ ಸಾಕು, ಅದು ಓದಲು ಬರುವಂತೆಯೇ ಉಳಿಯಲಿ. ಇಲ್ಲಿನ ಉದಾಹರಣೆಗಳಲ್ಲಿ ಗೊತ್ತಿಲ್ಲದ ಸಂಖ್ಯೆಗೆ ‘ಯ’ ಎಂಬ ಅಕ್ಷರವನ್ನು ಬಳಸಿದೆ. ನಿಮ್ಮ ಪುಸ್ತಕದಲ್ಲಿ ಬೇರೆ ಅಕ್ಷರವಿದ್ದರೆ ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ.

ಮೊದಲು ತಾಳೆ ನೋಡಿ

ಬಂದ ಉತ್ತರವನ್ನು ಪ್ರಶ್ನೆಗೇ ಹಿಂತಿರುಗಿಸಿ ನೋಡುವುದು ಮೊದಲ ಪರೀಕ್ಷೆ. ಇಲ್ಲಿ ಒಂದು ಎಚ್ಚರ ಬೇಕು: ನೋಟ್‌ಬುಕ್ಕಿನಲ್ಲಿ ನೀವು ಬರೆದುಕೊಂಡ ಸಮೀಕರಣಕ್ಕಲ್ಲ, ಪುಸ್ತಕದಲ್ಲಿ ಅಚ್ಚಾಗಿರುವ ಪ್ರಶ್ನೆಗೆ ಆದೇಶಿಸಬೇಕು, ಎಂದರೆ ಅಕ್ಷರದ ಜಾಗದಲ್ಲಿ ಆ ಸಂಖ್ಯೆಯನ್ನು ಹಾಕಬೇಕು. ನೋಟ್‌ಬುಕ್ಕಿನ ಸಮೀಕರಣಕ್ಕೆ ಹೊಂದಿ ಪುಸ್ತಕದ ಸಮೀಕರಣಕ್ಕೆ ಹೊಂದದಿದ್ದರೆ ನಕಲು ಮಾಡುವಾಗಲೇ ಒಂದು ಅಂಕಿಯೋ ಚಿಹ್ನೆಯೋ ಬದಲಾಗಿದೆ. ಬಿಡಿಸಿದ ಕ್ರಮದಲ್ಲಿ ತಪ್ಪಿಲ್ಲ. ಸಮೀಕರಣಕ್ಕೆ ಹೊಂದಿ ವಾಕ್ಯರೂಪದ ಪ್ರಶ್ನೆಗೆ ಹೊಂದದಿದ್ದರೆ, ಮಾತನ್ನು ಸಮೀಕರಣವಾಗಿ ಬರೆದುಕೊಂಡ ಹಂತದಲ್ಲಿ ದೋಷವಿದೆ. ಎರಡಕ್ಕೂ ಹೊಂದದಿದ್ದರೆ ದೋಷವಿರುವುದು ಬಿಡಿಸಿದ ಸಾಲುಗಳಲ್ಲಿ. ಪುಸ್ತಕದ ಪ್ರಶ್ನೆಗೆ ಪೂರ್ತಿಯಾಗಿ ಹೊಂದಿದರೂ ಹಿಂಬದಿಯ ಉತ್ತರ ಬೇರೆಯಾಗಿದ್ದರೆ ಏನು ಮಾಡಬೇಕೆಂಬುದನ್ನು ಕೊನೆಯಲ್ಲಿ ಹೇಳಿದೆ.

ಕೆಟ್ಟ ಸಾಲನ್ನು ಹಿಡಿಯುವುದು

ಸಮೀಕರಣವನ್ನು ಸರಿಯಾಗಿ ಬಿಡಿಸುತ್ತ ಹೋದಾಗ ಪ್ರತಿ ಸಾಲಿಗೂ ಒಂದೇ ಉತ್ತರವಿರುತ್ತದೆ. ಸಾಲುಗಳ ರೂಪ ಬದಲಾಗುತ್ತದೆಯೇ ಹೊರತು ಅವುಗಳನ್ನು ಸರಿಹೊಂದಿಸುವ ಸಂಖ್ಯೆ ಬದಲಾಗುವುದಿಲ್ಲ. ದೋಷ ಹುಡುಕುವುದಕ್ಕೆ ಈ ಒಂದು ಸಂಗತಿ ಸಾಕು. ಈ ಲೆಕ್ಕವನ್ನು ನೋಡಿ:

ಸಾಲು 1: 3(ಯ − 4) − 2(ಯ − 5) = 7
ಸಾಲು 2: 3ಯ − 12 − 2ಯ − 10 = 7
ಸಾಲು 3: ಯ − 22 = 7
ಸಾಲು 4: ಯ = 29

ಬಂದಿರುವ 29 ಎಂಬ ತಪ್ಪು ಉತ್ತರವನ್ನೇ ಕೆಳಗಿನಿಂದ ಮೇಲಕ್ಕೆ ಒಂದೊಂದು ಸಾಲಿಗೂ ಆದೇಶಿಸುತ್ತ ಹೋಗಿ. ಮೂರನೆಯ ಸಾಲಿನಲ್ಲಿ 29 − 22 = 7, ಸರಿಯಾಗಿದೆ. ಎರಡನೆಯ ಸಾಲಿನಲ್ಲಿ 87 − 12 − 58 − 10 ಎಂದರೆ 7, ಅದೂ ಸರಿ. ಮೊದಲನೆಯ ಸಾಲಿನಲ್ಲಿ 3 × 25 − 2 × 24 ಎಂದರೆ 27. ಅದು 7 ಅಲ್ಲ. ಹಾಗಾದರೆ ಒಂದನೆಯ ಸಾಲಿನಿಂದ ಎರಡನೆಯ ಸಾಲಿಗೆ ಬರುವಾಗ ಲೆಕ್ಕ ಕೆಟ್ಟಿದೆ. ಮಿಕ್ಕ ಯಾವ ಸಾಲನ್ನೂ ನೋಡಬೇಕಾಗಿಲ್ಲ. ಅಲ್ಲಿ ಕಣ್ಣಿಟ್ಟರೆ −2 ಅನ್ನು −5 ರಿಂದ ಗುಣಿಸಿದಾಗ +10 ಬರಬೇಕಿದ್ದ ಕಡೆ −10 ಬಂದಿರುವುದು ಕೂಡಲೇ ಕಾಣುತ್ತದೆ. ತಿದ್ದಿದ ಮೇಲೆ ಯ − 2 = 7, ಯ = 9. ತಾಳೆ ನೋಡಿದರೆ 3 × 5 − 2 × 4 = 7.

ಸರಿಯಾದ ಉತ್ತರ ಏನೆಂದು ತಿಳಿಯದಿದ್ದರೂ ದೋಷದ ಜಾಗ ಸಿಕ್ಕಿತು ಎಂಬುದೇ ಈ ಪರೀಕ್ಷೆಯ ಹಿರಿಮೆ. ತಪ್ಪು ಉತ್ತರವು ದೋಷದ ಕೆಳಗಿನ ಸಾಲುಗಳಿಗೆ ಹೊಂದುತ್ತದೆ, ಮೇಲಿನವುಗಳಿಗೆ ಹೊಂದುವುದಿಲ್ಲ. ಪುಸ್ತಕದ ಉತ್ತರ ಕೈಯಲ್ಲಿದ್ದರೆ ಅದನ್ನು ಮೇಲಿನಿಂದ ಕೆಳಕ್ಕೆ ಆದೇಶಿಸುತ್ತ ಬರಬಹುದು. ಆಗ ಅದು ಹೊಂದದ ಮೊದಲ ಸಾಲೇ ಕೆಟ್ಟ ಸಾಲು. ಒಂದೇ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದರೆ ಕೆಳಗಿನಿಂದ ಹತ್ತುವವರಿಗೆ ಕೊನೆಯ ತಪ್ಪೂ ಮೇಲಿನಿಂದ ಇಳಿಯುವವರಿಗೆ ಮೊದಲ ತಪ್ಪೂ ಸಿಗುತ್ತವೆ. ಆದ್ದರಿಂದ ಒಂದನ್ನು ತಿದ್ದಿದ ಮೇಲೆ ತಾಳೆಯನ್ನು ಮತ್ತೊಮ್ಮೆ ನೋಡಲೇಬೇಕು. ಸಾಲುಗಳು ಬಹಳ ಇದ್ದರೆ ನಡುವಿನ ಸಾಲನ್ನು ಮೊದಲು ಪರೀಕ್ಷಿಸಿ. ಅರ್ಧ ಲೆಕ್ಕ ಒಂದೇ ಏಟಿಗೆ ಅನುಮಾನದಿಂದ ಪಾರಾಗುತ್ತದೆ.

ಸಮೀಕರಣವಿಲ್ಲದೆ ಬರಿಯ ಬೀಜೋಕ್ತಿಯನ್ನು ಸಂಕ್ಷೇಪಿಸುವ ಲೆಕ್ಕವಾದರೆ ನೀವೇ ಒಂದು ಸಂಖ್ಯೆಯನ್ನು ಆರಿಸಿ ಪ್ರತಿ ಸಾಲಿಗೂ ಹಾಕಬೇಕು; ಎಲ್ಲ ಸಾಲುಗಳ ಬೆಲೆ ಒಂದೇ ಬರಬೇಕು. 0, 1, 2 ಈ ಕೆಲಸಕ್ಕೆ ಒಳ್ಳೆಯವಲ್ಲ, ಏಕೆಂದರೆ ಅವು ತಪ್ಪನ್ನು ಮುಚ್ಚಿಹಾಕುತ್ತವೆ. ಯ = 1 ಆದಾಗ ಯ² ಮತ್ತು ಯ ಎರಡೂ 1; ಯ = 2 ಆದಾಗ ಯ² ಮತ್ತು 2ಯ ಎರಡೂ 4. (ಯ + 3)² ಎಂಬುದನ್ನು ಯ² + 9 ಎಂದು ಬಿಡಿಸಿದವರು ಸೊನ್ನೆ ಹಾಕಿ ನೋಡಿದರೆ ಎರಡೂ ಕಡೆ 9 ಬಂದು ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ನಾನು ಸದಾ ಸೂಚಿಸುವ ಸಂಖ್ಯೆ 10. ಅದನ್ನು ಹಾಕಿದರೆ ಒಂದು ಕಡೆ 13² = 169, ಇನ್ನೊಂದು ಕಡೆ 109. ವ್ಯತ್ಯಾಸ 60 ಎಂದರೆ ಆರು ಹತ್ತುಗಳು. ಅಂದರೆ ಬಿಟ್ಟುಹೋದ ಪದ 6ಯ ಎಂಬುದನ್ನೂ ಅದೇ ಹೇಳಿಬಿಡುತ್ತದೆ.

ಪದೇ ಪದೇ ಸಿಗುವ ತಪ್ಪುಗಳು

ಜಾಗ ಸಿಕ್ಕ ಮೇಲೆ ಕಾರಣ ಹುಡುಕುವುದು ಕಷ್ಟವಲ್ಲ, ಏಕೆಂದರೆ ಕಾರಣಗಳು ಕೆಲವೇ. ಆವರಣದ ಮುಂದಿರುವ ಋಣ ಚಿಹ್ನೆ ಒಳಗಿನ ಮೊದಲ ಪದಕ್ಕೆ ಮಾತ್ರ ತಾಗಿ ಎರಡನೆಯದಕ್ಕೆ ತಾಗದಿರುವುದು ಅವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯ. ಭಿನ್ನರಾಶಿಗಳಲ್ಲಿ ಇದೇ ತಪ್ಪು ಮರೆಯಾಗಿ ನಿಲ್ಲುತ್ತದೆ: ಭಿನ್ನರಾಶಿಯ ಗೆರೆಯೂ ಆವರಣದ ಕೆಲಸವನ್ನೇ ಮಾಡುತ್ತದೆಂಬುದು ಗಮನಕ್ಕೆ ಬರುವುದಿಲ್ಲ. (ಯ − 2)/3 − (ಯ − 4)/5 = 2 ಎಂಬಲ್ಲಿ ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 15 ರಿಂದ ಗುಣಿಸಿದ ಕೂಡಲೇ 5(ಯ − 2) − 3(ಯ − 4) = 30 ಎಂದು ಆವರಣಗಳ ಸಮೇತ ಒಂದು ಸಾಲು ಬರೆಯಬೇಕು. ಆ ಸಾಲನ್ನು ಹಾರಿಸಿದವರು +12 ಬರಬೇಕಾದಲ್ಲಿ −12 ಬರೆಯುತ್ತಾರೆ. ಸರಿಯಾದ ಉತ್ತರ 14; 12/3 − 10/5 = 4 − 2 = 2.

ಛೇದ ತೆಗೆಯುವಾಗ ಬಲಭಾಗವನ್ನು ಗುಣಿಸದೇ ಬಿಡುವುದು ಇನ್ನೊಂದು. ಯ/2 + ಯ/3 = 5 ಎಂಬುದರಿಂದ 3ಯ + 2ಯ = 5 ಎಂದು ಬರೆದರೆ ಯ = 1 ಬರುತ್ತದೆ. ತಾಳೆ ನೋಡಿದಾಗ 1/2 + 1/3 = 5/6. ಬರಬೇಕಾದದ್ದು 5, ಬಂದದ್ದು ಅದರ ಆರನೆಯ ಒಂದು ಭಾಗ, ಲ.ಸಾ.ಅ. ಕೂಡ 6. ತಾಳೆಯಲ್ಲಿ ಬಂದ ತಪ್ಪು ಬೆಲೆ ಹೀಗೆ ಎಷ್ಟೋ ಸಲ ಕಾರಣವನ್ನೂ ಹೇಳುತ್ತದೆ. ಅದನ್ನು ‘ಹೊಂದಲಿಲ್ಲ’ ಎಂದು ಬರೆದು ಬಿಟ್ಟುಬಿಡದೆ, ಬೇಕಾದ ಬೆಲೆಗೂ ಅದಕ್ಕೂ ಇರುವ ಸಂಬಂಧವನ್ನು ಒಂದು ಕ್ಷಣ ನೋಡಬೇಕು.

ಪಕ್ಷಾಂತರದ, ಎಂದರೆ ಪದವನ್ನು ಸಮ ಚಿಹ್ನೆಯ ಇನ್ನೊಂದು ಬದಿಗೆ ಒಯ್ಯುವ, ನಿಯಮವನ್ನು ‘ಆಚೆ ಹೋದರೆ ಚಿಹ್ನೆ ಬದಲು’ ಎಂದು ಬಾಯಿಪಾಠ ಮಾಡಿಸುವುದರಿಂದ ಆಗುವ ತೊಂದರೆ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಈ ನಿಯಮವನ್ನಷ್ಟೇ ಬಲ್ಲ ವಿದ್ಯಾರ್ಥಿ −3ಯ = 12 ಎಂಬಲ್ಲಿ −3 ಅನ್ನು ಆಚೆ ಕಳಿಸಿ ಯ = 12 + 3 ಎಂದೋ ಯ = 12/3 ಎಂದೋ ಬರೆಯುತ್ತಾನೆ. ವಾಸ್ತವದಲ್ಲಿ ಯಾವುದೂ ಆಚೆ ಹೋಗುವುದಿಲ್ಲ. ಎರಡೂ ಭಾಗಗಳಿಗೆ ಒಂದೇ ಕ್ರಿಯೆಯನ್ನು ಮಾಡುತ್ತೇವೆ. ಇಲ್ಲಿ ಎರಡೂ ಭಾಗಗಳನ್ನು −3 ರಿಂದ ಭಾಗಿಸಿದರೆ ಯ = −4. ಈ ತಪ್ಪು ಪದೇ ಪದೇ ಬರುತ್ತಿದ್ದರೆ ಕೆಲವು ದಿನ ಪ್ರತಿ ಸಾಲಿನ ಅಂಚಿನಲ್ಲಿ ‘ಎರಡೂ ಕಡೆ 7 ಕೂಡಿದೆ’, ‘ಎರಡೂ ಕಡೆ −3 ರಿಂದ ಭಾಗಿಸಿದೆ’ ಎಂದು ಮಾತಿನಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಹೊಡೆದುಹಾಕುವಾಗ ಆಗುವ ತಪ್ಪೂ ಇದೇ ಬಗೆಯದು. (2ಯ + 6)/2 ಎಂಬಲ್ಲಿ ಎರಡು ‘2’ಗಳನ್ನು ಹೊಡೆದು ಯ + 6 ಎಂದು ಬರೆದರೆ 10 ಹಾಕಿದಾಗ ಒಂದು ಕಡೆ 13, ಇನ್ನೊಂದು ಕಡೆ 16. ಅಪವರ್ತನವನ್ನು ಹೊಡೆಯಬಹುದು, ಕೂಡಿರುವ ಪದವನ್ನು ಹೊಡೆಯಲಾಗದು. −3² ಎಂದರೆ −9, (−3)² ಎಂದರೆ 9 ಎಂಬ ಭೇದವನ್ನೂ ಇಲ್ಲೇ ನೆನೆಯಬೇಕು. ಋಣ ಸಂಖ್ಯೆಯನ್ನು ಆದೇಶಿಸುವಾಗ ಆವರಣ ಹಾಕದವರ ತಾಳೆಯೇ ತಪ್ಪುತ್ತದೆ, ಸರಿಯಾದ ಉತ್ತರವೂ ತಪ್ಪೆಂದು ತೋರುತ್ತದೆ.

ಸಮ ಚಿಹ್ನೆಯನ್ನು ‘ಆದ್ದರಿಂದ’ ಎಂಬ ಅರ್ಥದಲ್ಲಿ ಬಳಸಿ 5ಯ = 20 = 4 ಎಂದು ಸರಪಳಿ ಹೆಣೆಯುವವರಿದ್ದಾರೆ. ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ 1557ರಲ್ಲಿ ಈ ಚಿಹ್ನೆಯನ್ನು ಅಚ್ಚಿನಲ್ಲಿ ಬಳಕೆಗೆ ತಂದಾಗ ಒಂದೇ ಉದ್ದದ ಎರಡು ಸಮಾಂತರ ಗೆರೆಗಳನ್ನು ಆರಿಸಿಕೊಂಡದ್ದು ಅವುಗಳಿಗಿಂತ ಹೆಚ್ಚು ಸಮವಾದ ಎರಡು ವಸ್ತುಗಳಿಲ್ಲ ಎಂಬ ಕಾರಣಕ್ಕೆ. 20 ಮತ್ತು 4 ಸಮವಲ್ಲ. ಇಂಥ ಸಾಲಿನಲ್ಲಿ ಉತ್ತರ ಸರಿಯಿದ್ದರೂ ದೋಷ ಹುಡುಕುವ ಮೇಲಿನ ಪರೀಕ್ಷೆ ನಡೆಯುವುದಿಲ್ಲ, ಏಕೆಂದರೆ ಪರೀಕ್ಷಿಸಬೇಕಾದ ಸಾಲೇ ಅಲ್ಲಿ ಸುಳ್ಳಾಗಿರುತ್ತದೆ.

ತಾಳೆಗೆ ಸಿಗದ ಒಂದು ದೋಷವಿದೆ. ಯ² = 5ಯ ಎಂಬುದನ್ನು ಎರಡೂ ಕಡೆ ಯ ಇಂದ ಭಾಗಿಸಿ ಯ = 5 ಎಂದು ಬರೆದರೆ 5 ಎಲ್ಲ ಸಾಲುಗಳಿಗೂ ಹೊಂದುತ್ತದೆ; ಆದರೆ ಸೊನ್ನೆ ಎಂಬ ಇನ್ನೊಂದು ಮೂಲ ಕಾಣೆಯಾಗಿದೆ. ಯ² = 49 ಎಂಬಲ್ಲಿ −7 ಹೀಗೆಯೇ ಕಳೆದುಹೋಗುತ್ತದೆ. ವರ್ಗ ಸಮೀಕರಣಕ್ಕೆ ಒಂದೇ ಉತ್ತರ ಬಂದಾಗಲೆಲ್ಲ ಗೊತ್ತಿಲ್ಲದ ಸಂಖ್ಯೆಯಿಂದ ಎಲ್ಲಿಯಾದರೂ ಭಾಗಿಸಿದ್ದೇನೆಯೇ ಎಂದು ನೋಡಿ; ಭಾಗಿಸುವ ಬದಲು ಯ² − 5ಯ = 0, ಯ(ಯ − 5) = 0 ಎಂದು ಅಪವರ್ತಿಸಿ.

ವಾಕ್ಯರೂಪದ ಲೆಕ್ಕಗಳು

ತಂದೆಯ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟು, 12 ವರ್ಷಗಳ ನಂತರ ಅದು ಎರಡು ಪಟ್ಟಾಗುತ್ತದೆ, ಈಗಿನ ವಯಸ್ಸುಗಳೆಷ್ಟು? ಮಗನ ವಯಸ್ಸು ಯ ಆದರೆ ಸಮೀಕರಣ 3ಯ + 12 = 2(ಯ + 12), ಉತ್ತರ 12 ಮತ್ತು 36. ಇದೇ ಲೆಕ್ಕದಲ್ಲಿ ಮಗನ ವಯಸ್ಸು −12 ಬಂದಿದ್ದರೆ 12 ವರ್ಷಗಳು ತಂದೆಗೆ ಮಾತ್ರ ಕೂಡಿವೆ, ಮಗನಿಗೆ ಕೂಡಿಲ್ಲ: 3ಯ + 12 = 2ಯ. ಸೊನ್ನೆ ಬಂದಿದ್ದರೆ ಆವರಣ ತಪ್ಪಿ 3ಯ + 12 = 2ಯ + 12 ಆಗಿದೆ. 24 ಬಂದಿದ್ದರೆ ಮಗನಿಗೆ ಕೂಡಿ ತಂದೆಗೆ ಮರೆತಿದ್ದೀರಿ: 3ಯ = 2(ಯ + 12). ಒಂದೇ ಪ್ರಶ್ನೆಯ ಮೂರು ತಪ್ಪು ಉತ್ತರಗಳು ಮೂರು ಬೇರೆ ಕಾರಣಗಳನ್ನು ಹೇಳುತ್ತಿವೆ. ಮೊದಲ ಎರಡು ನೋಡಿದ ಕೂಡಲೇ ಅನುಮಾನ ಹುಟ್ಟಿಸುತ್ತವೆ. ಮೂರನೆಯದು ನಂಬುವಂತಿರುವುದರಿಂದ ಅದೇ ಹೆಚ್ಚು ಅಪಾಯಕಾರಿ. 24 ಮತ್ತು 72 ಎಂಬ ವಯಸ್ಸುಗಳಿಗೆ 12 ಕೂಡಿಸಿ 36 ಮತ್ತು 84 ಎಂದು ಪ್ರಶ್ನೆಯ ಮಾತುಗಳಲ್ಲೇ ತಾಳೆ ನೋಡಿದಾಗ ಮಾತ್ರ ಅದು ಸಿಕ್ಕಿಬೀಳುತ್ತದೆ.

ಸಂಬಂಧವನ್ನು ತಿರುವುಮುರುವು ಬರೆಯುವುದು ಗಣಿತ ಶಿಕ್ಷಣದ ಸಂಶೋಧನೆಯಲ್ಲಿ 1980ರ ದಶಕದಿಂದ ಚೆನ್ನಾಗಿ ದಾಖಲಾಗಿರುವ ತಪ್ಪು. ಶಿಕ್ಷಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ ಎಂಬುದನ್ನು, ವಿದ್ಯಾರ್ಥಿಗಳಿಗೆ ವ, ಶಿಕ್ಷಕರಿಗೆ ಶ ಎಂದಿಟ್ಟುಕೊಂಡು, 6ವ = ಶ ಎಂದು ಬರೆಯುವವರು ದೊಡ್ಡ ತರಗತಿಗಳಲ್ಲೂ ಇದ್ದಾರೆ. ಅಕ್ಷರವು ಮನುಷ್ಯರನ್ನಲ್ಲ, ಅವರ ಸಂಖ್ಯೆಯನ್ನು ಸೂಚಿಸುತ್ತದೆ ಎಂಬುದು ಮರೆತಾಗ ಹೀಗಾಗುತ್ತದೆ. ಶ = 10 ಆದರೆ ವ = 60 ಆಗಬೇಕು ಎಂದು ಸಂಖ್ಯೆ ಹಾಕಿ ನೋಡಿದರೆ ವ = 6ಶ ಎಂಬುದೇ ಸರಿಯೆಂದು ಖಚಿತವಾಗುತ್ತದೆ.

ರೇಖಾಗಣಿತ: ಕಣ್ಣಿಗೆ ಕಂಡದ್ದು ಕಾರಣವಲ್ಲ

ಸಾಧನೆಯಲ್ಲಿ, ಎಂದರೆ ಒಂದು ಹೇಳಿಕೆ ನಿಜವೆಂದು ಕಾರಣ ಕೊಟ್ಟು ತೋರಿಸುವಲ್ಲಿ, ಸಂಖ್ಯೆ ಆದೇಶಿಸಿ ನೋಡಲು ಬರುವುದಿಲ್ಲ. ಇಲ್ಲಿ ಪರೀಕ್ಷಿಸಬೇಕಾದದ್ದು ಪ್ರತಿ ಸಾಲಿನ ಮುಂದಿರುವ ಕಾರಣವನ್ನು. ಆ ಕಾರಣ ದತ್ತವಾಗಿರಬೇಕು (ಪ್ರಶ್ನೆಯಲ್ಲೇ ಕೊಟ್ಟಿರಬೇಕು), ರಚನೆಯಿಂದ ಬಂದಿರಬೇಕು, ಈಗಾಗಲೇ ಸಾಧಿಸಿದ ಪ್ರಮೇಯವಾಗಿರಬೇಕು ಅಥವಾ ಮೇಲಿನ ಸಾಲಿನಿಂದ ಹುಟ್ಟಿರಬೇಕು. ಇವುಗಳಲ್ಲಿ ಯಾವುದೂ ಅಲ್ಲದ ಕಾರಣವಿರುವ ಮೊದಲ ಸಾಲೇ ಕೆಟ್ಟ ಸಾಲು. ಬಹಳಷ್ಟು ಸಲ ಅದರ ನಿಜವಾದ ಕಾರಣ ‘ಚಿತ್ರದಲ್ಲಿ ಹಾಗೆ ಕಾಣುತ್ತದೆ’ ಎಂಬುದೇ ಆಗಿರುತ್ತದೆ. ಯಾವುದೇ ತ್ರಿಭುಜ ಎಂದು ಹೇಳಿದಾಗಲೂ ನಮ್ಮ ಕೈ ಸಮದ್ವಿಬಾಹು ತ್ರಿಭುಜವನ್ನೋ ಸಮಬಾಹು ತ್ರಿಭುಜವನ್ನೋ ಬರೆದುಬಿಡುತ್ತದೆ. ಆಮೇಲೆ ಆ ಚಿತ್ರದ ವಿಶೇಷ ಗುಣಗಳು ಸಾಧನೆಯೊಳಗೆ ನುಸುಳುತ್ತವೆ. ಅನುಮಾನ ಬಂದಾಗ ದತ್ತಕ್ಕೆ ವಿರುದ್ಧವಾಗದಂತೆ, ಬೇಕೆಂದೇ ಸೊಟ್ಟಗೆ ಇನ್ನೊಂದು ಚಿತ್ರ ಬರೆಯಿರಿ. ಸಮಾಂತರವೆಂದು ಹೇಳದ ಗೆರೆಗಳನ್ನು ಓರೆಯಾಗಿಸಿ, ಲಂಬವೆಂದು ಹೇಳದ ಕೋನವನ್ನು ಹಿಗ್ಗಿಸಿ. ಹೊಸ ಚಿತ್ರದಲ್ಲಿ ಸುಳ್ಳಾಗುವ ಸಾಲು ಊಹೆಯ ಮೇಲೆ ನಿಂತದ್ದು.

ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ ಎಂಬ ಪ್ರಮೇಯದ ಸಾಧನೆಯಲ್ಲಿ ಈ ದೋಷ ತುಂಬ ಸ್ಪಷ್ಟವಾಗಿ ಸಿಗುತ್ತದೆ. ತ್ರಿಭುಜ ಅಬಕದಲ್ಲಿ ಅಬ = ಅಕ. ‘ಶೃಂಗ ಅ ಇಂದ ಬಕ ಬಾಹುವನ್ನು ಲಂಬವಾಗಿ ಅರ್ಧಿಸುವಂತೆ ಅಡ ಎಳೆಯಿರಿ’ ಎಂದು ರಚನೆ ಬರೆದರೆ ಅಲ್ಲಿಯೇ ಕೆಡುತ್ತದೆ. ಅ ಎಂಬ ಬಿಂದುವಿನ ಮೂಲಕ ಹೋಗಬೇಕೆಂದು ಹೇಳಿದ ಮೇಲೆ ಗೆರೆಗೆ ಇನ್ನೊಂದೇ ಷರತ್ತನ್ನು ಹಾಕಬಹುದು. ಮಧ್ಯಬಿಂದುವಿಗೆ ಎಳೆದರೆ ಅದು ಲಂಬವೆಂದು ಸಾಧಿಸಬೇಕು. ಲಂಬವಾಗಿ ಎಳೆದರೆ ಅದು ಅರ್ಧಿಸುತ್ತದೆಂದು ಸಾಧಿಸಬೇಕು. ಮಧ್ಯಬಿಂದುವನ್ನು ಆರಿಸಿದರೆ ಬಾ.ಬಾ.ಬಾ. (ಬಾಹು-ಬಾಹು-ಬಾಹು), ಕೋನಾರ್ಧಕವನ್ನು ಆರಿಸಿದರೆ ಬಾ.ಕೋ.ಬಾ. (ಬಾಹು-ಕೋನ-ಬಾಹು), ಲಂಬವನ್ನು ಆರಿಸಿದರೆ ಲಂ.ವಿ.ಬಾ. (ಲಂಬಕೋನ-ವಿಕರ್ಣ-ಬಾಹು) ಎಂಬ ಸರ್ವಸಮತೆಯ ನಿಯಮ ಕೈಹಿಡಿಯುತ್ತದೆ. ಮೂರೂ ಸರಿಯಾದ ದಾರಿಗಳೇ. ಮೂರನ್ನೂ ಒಟ್ಟಿಗೆ ಊಹಿಸಿಕೊಂಡರೆ ಸಾಧಿಸಲು ಏನೂ ಉಳಿದಿರುವುದಿಲ್ಲ.

ಎರಡು ಬಾಹುಗಳು ಮತ್ತು ಅವುಗಳ ನಡುವೆ ಇಲ್ಲದ ಒಂದು ಕೋನ ಸಮವಾಗಿರುವಾಗ ತ್ರಿಭುಜಗಳು ಸರ್ವಸಮವೆಂದು ಬರೆಯುವುದು ಮತ್ತೊಂದು. ಇದು ಏಕೆ ನಡೆಯುವುದಿಲ್ಲ ಎಂಬುದನ್ನು ಕೈವಾರದಿಂದ ಒಮ್ಮೆ ಎಳೆದು ನೋಡಿದವರು ಮರೆಯುವುದಿಲ್ಲ. ಅ ಬಿಂದುವಿನಲ್ಲಿ 30° ಕೋನ ರಚಿಸಿ. ಅದರ ಒಂದು ತೋಳಿನ ಮೇಲೆ 10 ಸೆಂ.ಮೀ. ದೂರದಲ್ಲಿ ಬ ಬಿಂದುವನ್ನು ಗುರುತಿಸಿ. ಬ ಬಿಂದುವನ್ನು ಕೇಂದ್ರವಾಗಿಟ್ಟು 6 ಸೆಂ.ಮೀ. ತ್ರಿಜ್ಯದಿಂದ ಕಂಸ ಎಳೆದರೆ ಅದು ಕೋನದ ಇನ್ನೊಂದು ತೋಳನ್ನು ಎರಡು ಕಡೆ ಕತ್ತರಿಸುತ್ತದೆ: ಅ ಇಂದ ಸುಮಾರು 5.3 ಸೆಂ.ಮೀ. ದೂರದಲ್ಲಿ ಒಮ್ಮೆ, ಸುಮಾರು 12 ಸೆಂ.ಮೀ. ದೂರದಲ್ಲಿ ಇನ್ನೊಮ್ಮೆ. ಅಳತೆಗಳು ಒಂದೇ, ತ್ರಿಭುಜಗಳು ಎರಡು. ಆ ಕೋನ ಲಂಬಕೋನವಾಗಿದ್ದಾಗ ಈ ಗೊಂದಲವಿಲ್ಲ; ಲಂ.ವಿ.ಬಾ. ನಿಯಮ ನಿಂತಿರುವುದೇ ಅದರ ಮೇಲೆ.

ಕೋನಗಳ ಲೆಕ್ಕದಲ್ಲಿ ಪರ್ಯಾಯ ಕೋನಗಳು ಸಮವೆಂದು ಬರೆಯುವ ಮೊದಲು ಗೆರೆಗಳು ಸಮಾಂತರವೆಂದು ದತ್ತದಲ್ಲಿದೆಯೇ ನೋಡಿ. ಸಮದ್ವಿಬಾಹು ತ್ರಿಭುಜದಲ್ಲಿ 40° ಎಂದು ಕೊಟ್ಟಾಗ ಅದು ಶೃಂಗಕೋನವಾದರೆ ಉಳಿದವು 70°, 70°. ಪಾದಕೋನವಾದರೆ ಉಳಿದವು 40°, 100°. ಉತ್ತರ ತಪ್ಪಿದರೆ ಮೊದಲು ಇದನ್ನೇ ಅನುಮಾನಿಸಿ.

ಅಳತೆಯ ಲೆಕ್ಕಗಳು

ಲಂಬಕೋನ ತ್ರಿಭುಜದ ಎರಡು ಬಾಹುಗಳು 5 ಮತ್ತು 13, ಅವುಗಳಲ್ಲಿ 13 ವಿಕರ್ಣ ಎಂದು ಕೊಟ್ಟಿದ್ದರೂ ಎರಡರ ವರ್ಗಗಳನ್ನು ಕೂಡಿ √194 ಎಂದು ಬರೆಯುವವರಿದ್ದಾರೆ. ಅದು 13ಕ್ಕಿಂತ ಹೆಚ್ಚು. ವಿಕರ್ಣಕ್ಕಿಂತ ದೊಡ್ಡ ಬಾಹು ಇರಲಾರದು. ಕಳೆದರೆ 169 − 25 = 144, ಬಾಹು 12. ಬಾಹುಗಳು 3 ಮತ್ತು 4 ಇದ್ದಾಗ ವಿಕರ್ಣ 7 ಎಂದು ಬಂದರೆ √(9 + 16) ಅನ್ನು 3 + 4 ಎಂದು ಬಿಡಿಸಿದ್ದೀರಿ. ಇದು (ಯ + 3)² ಅನ್ನು ಯ² + 9 ಎಂದು ಬರೆದ ತಪ್ಪೇ, ವೇಷ ಬೇರೆ. ಎರಡು ಬಾಹುಗಳ ಮೊತ್ತಕ್ಕೆ ಮೂರನೆಯದು ಸಮವಾದರೆ ತ್ರಿಭುಜವೇ ಮುಚ್ಚಿ ಗೆರೆಯಾಗುತ್ತದೆ.

ಬಾಹುಗಳು 5, 5, 6 ಇರುವ ತ್ರಿಭುಜದ ವಿಸ್ತೀರ್ಣ 15 ಎಂದು ಬಂದರೆ ಓರೆ ಬಾಹುವನ್ನೇ ಎತ್ತರವೆಂದು ತೆಗೆದುಕೊಂಡಿದ್ದೀರಿ. 5 ಮತ್ತು 6 ಅಳತೆಯ ಬಾಹುಗಳಿರುವ ತ್ರಿಭುಜಕ್ಕೆ 15 ಗರಿಷ್ಠ ವಿಸ್ತೀರ್ಣ, ಅದೂ ಅವುಗಳ ನಡುವೆ ಲಂಬಕೋನವಿದ್ದಾಗ ಮಾತ್ರ. ಇಲ್ಲಿ ಎತ್ತರ 4, ವಿಸ್ತೀರ್ಣ 12.

ಉಳಿದ ದೋಷಗಳಿಗೆ ನಿಮ್ಮ ಉತ್ತರವನ್ನು ಪುಸ್ತಕದ ಉತ್ತರದಿಂದ ಭಾಗಿಸಿ ನೋಡುವುದೇ ಒಳ್ಳೆಯ ಪರೀಕ್ಷೆ. ವೃತ್ತದ ವಿಸ್ತೀರ್ಣದಲ್ಲಿ 4 ಬಂದರೆ ತ್ರಿಜ್ಯದ ಬದಲು ವ್ಯಾಸ ಹಾಕಿದ್ದೀರಿ. ತ್ರಿಭುಜದ ವಿಸ್ತೀರ್ಣದಲ್ಲಿ 2 ಬಂದರೆ ಅರ್ಧ ಮಾಡಲು ಮರೆತಿದ್ದೀರಿ. ಚದರ ಸೆಂಟಿಮೀಟರನ್ನು ಚದರ ಮೀಟರಿಗೆ ತಿರುಗಿಸುವಲ್ಲಿ 100 ಬಂದರೆ 10,000 ರಿಂದ ಭಾಗಿಸಬೇಕಾದಲ್ಲಿ 100 ರಿಂದ ಭಾಗಿಸಿದ್ದೀರಿ. ಭಾಗಲಬ್ಧ 1ಕ್ಕೆ ತೀರ ಹತ್ತಿರವಿದ್ದರೆ ಅದು ದೋಷವೇ ಅಲ್ಲದಿರಬಹುದು: ತ್ರಿಜ್ಯ 7 ಇರುವ ವೃತ್ತದ ವಿಸ್ತೀರ್ಣ 22/7 ಬಳಸಿದರೆ 154, 3.14 ಬಳಸಿದರೆ 153.86.

ಪುಸ್ತಕದ ಉತ್ತರವೇ ಬೇರೆಯಾಗಿ ಕಂಡರೆ

ತಾಳೆ ಪೂರ್ತಿಯಾಗಿ ಹೊಂದಿದ ಮೇಲೂ ಹಿಂಬದಿಯ ಉತ್ತರ ಬೇರೆಯಾಗಿ ಕಂಡರೆ, ಎರಡೂ ಒಂದೇ ಆಗಿದ್ದು ರೂಪ ಮಾತ್ರ ಬೇರೆಯಾಗಿದೆಯೇ ಎಂದು ಮೊದಲು ನೋಡಬೇಕು. −(ಯ − 3)/2 ಮತ್ತು (3 − ಯ)/2 ಒಂದೇ. 10 ಹಾಕಿದರೆ ಎರಡೂ −3.5. 1/√2 ಮತ್ತು √2/2 ಕೂಡ ಒಂದೇ. ರೂಪವೂ ಬೇರೆ, ಬೆಲೆಯೂ ಬೇರೆ ಎಂದಾದರೆ ಪುಸ್ತಕದ ಉತ್ತರವನ್ನೇ ಪ್ರಶ್ನೆಗೆ ಆದೇಶಿಸಿ. ಅದೂ ಹೊಂದಿದರೆ ನೀವು ಒಂದು ಮೂಲವನ್ನು ಕಳೆದುಕೊಂಡಿದ್ದೀರಿ. ಅದು ಹೊಂದದೆ ನಿಮ್ಮದು ಮಾತ್ರ ಹೊಂದಿದರೆ, ಪಕ್ಕದ ಲೆಕ್ಕದ ಉತ್ತರವನ್ನು ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ತಾಳೆಯನ್ನು ಲೆಕ್ಕದ ಕೆಳಗೆ ಪೂರ್ತಿಯಾಗಿ ಬರೆದು, ನಿಮ್ಮ ಉತ್ತರವನ್ನು ಹಾಗೆಯೇ ಉಳಿಸಿ ಶಿಕ್ಷಕರಿಗೆ ತೋರಿಸಿ.